ಹೊಳೆಯ ಪರವಾಗಿ ವಕಾಲತ್ತು



ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ನಮಗೆಲ್ಲ ಗೊತ್ತು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಕಚೇರಿ ಅಲೆದದ್ದನ್ನು ಕಂಡು ಹುಟ್ಟಿದ ಗಾದೆ ಅದು. ಈಗ ನಾನು ಹೇಳಹೊರಟಿರುವುದು ಬೇರೊಂದು ಬಗೆಯ ವ್ಯಾಜ್ಯದ ಕಥೆ. ಇಲ್ಲಿಯೂ ಬದುವಿನದೇ ಜಗಳ, ಆದರೆ ಆ ಬದು ಹೊಳೆಯದು. ಅರ್ಜಿ ಹಾಕಿದವನಿಗೆ ಗೆದ್ದರೂ ಒಂದು ಗುಂಟೆ ಜಾಗ ಸಿಗುವುದಿಲ್ಲ. ಹಾಗಿದ್ದೂ ಜನ ಅರ್ಜಿ ಹಾಕುತ್ತಾರೆ, ವಕೀಲರು ವಾದಿಸುತ್ತಾರೆ. ಯಾಕೆ?

ಸಿಂಹಗಡ ರಸ್ತೆಯ ಕಡೆ ಇರುವ ಕನ್ನಡಿಗರಿಗೆ 2024ರ ಜುಲೈ 25 ನೆನಪಿರಲೇಬೇಕು. ಘಟ್ಟದಲ್ಲಿ ಸುರಿದ ಮಳೆಗೆ ಖಡಕ್‌ವಾಸ್ಲಾ ಅಣೆಕಟ್ಟೆ ತುಂಬಿ, ಸುಮಾರು 35 ಸಾವಿರ ಕ್ಯೂಸೆಕ್ ನೀರನ್ನು ಮುಠಾ ನದಿಗೆ ಬಿಟ್ಟರು. ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿತು, ಸೇನೆಯವರು ಬಂದರು. ಅದಕ್ಕೆ ಐದು ವರ್ಷ ಮೊದಲು, 2019ರ ಸೆಪ್ಟೆಂಬರ್ 25ರ ರಾತ್ರಿ, ಆಂಬಿಲ್ ಓಢಾ ಉಕ್ಕಿ ಗೋಡೆಗಳನ್ನೂ ವಾಹನಗಳನ್ನೂ ಕೊಚ್ಚಿಕೊಂಡು ಹೋಗಿತ್ತು. ಆಗ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಏಳು ಶೇಕಡಾ ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಇದು ವಿಜ್ಞಾನದ ಮಾತು. ಆದರೆ ಮೋಡದ ಮೇಲೆ ಕೇಸು ಹಾಕಲು ಬರುವುದಿಲ್ಲವಲ್ಲ!

ವಕೀಲರು ಹಾಕುವುದು ಗೆರೆಯ ಮೇಲೆ. ಮಹಾರಾಷ್ಟ್ರದ ನೀರಾವರಿ ಇಲಾಖೆ ನದಿಯ ಎರಡೂ ಬದಿಗೆ ಎರಡು ಗೆರೆ ಎಳೆಯುತ್ತದೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹ ಮುಟ್ಟುವ ಜಾಗ ನೀಲಿ ರೇಖೆ, ನೂರು ವರ್ಷಕ್ಕೊಮ್ಮೆ ಬರಬಹುದಾದದ್ದು ಕೆಂಪು ರೇಖೆ. ನೀಲಿ ರೇಖೆಯ ಒಳಗೆ ಕಟ್ಟಡ ಕಟ್ಟುವಂತಿಲ್ಲ. ವಿಠ್ಠಲವಾಡಿಯಿಂದ ಬೈಪಾಸ್ ಹೆದ್ದಾರಿಯ ತನಕ ಮುಠಾ ನದಿಯ ಪಾತ್ರದಲ್ಲೇ ಮಣ್ಣು, ಕಟ್ಟಡದ ಅವಶೇಷ ಸುರಿದು ಪುಣೆ ಮಹಾನಗರ ಪಾಲಿಕೆ ರಸ್ತೆ ಮಾಡಲು ಹೊರಟಾಗ, ವಾಸ್ತುಶಿಲ್ಪಿ ಸಾರಂಗ ಯಾದವಾಡಕರ್ ಮತ್ತು ಇತರರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ನಾವು ಪತ್ರಿಕೆಗಳಲ್ಲಿ ಎನ್‌ಜಿಟಿ ಎಂದು ಓದುತ್ತೇವಲ್ಲ, ಅದೇ. 2013ರ ಜುಲೈನಲ್ಲಿ ತೀರ್ಪು ಬಂತು. ನೀಲಿ ರೇಖೆಯ ಒಳಗೆ ಸುರಿದದ್ದನ್ನು ತೆಗೆಯಿರಿ, ರಸ್ತೆ ಬೇಕೇ ಬೇಕಾದರೆ ಕಂಬಗಳ ಮೇಲೆ ಎತ್ತರಿಸಿ ಮಾಡಿ, ಹೊಳೆಯ ನೀರಿಗೆ ಅಡ್ಡ ಬರಬೇಡಿ ಎಂಬುದು ಅದರ ತಿರುಳು. ಆ ತೀರ್ಪಿಗೆ ಹನ್ನೊಂದು ವರ್ಷ ತುಂಬಿದ ತಿಂಗಳಲ್ಲೇ ಅದೇ ಹೊಳೆ ಅದೇ ಪರಿಸರದ ಮನೆಗಳಿಗೆ ನುಗ್ಗಿತು. ಆ ಮಣ್ಣೆಲ್ಲ ಅಲ್ಲೇ ಉಳಿದಿದ್ದರೆ ನೀರಿಗೆ ಜಾಗ ಇನ್ನಷ್ಟು ಕಡಿಮೆಯಾಗುತ್ತಿತ್ತು ಎನ್ನಲು ಎಂಜಿನಿಯರ್ ಆಗಬೇಕಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಆ ಗೆರೆ ಎಳೆಯುವುದು ಹಿಂದೆ ಬಿದ್ದ ಮಳೆಯ, ಹಿಂದೆ ಹರಿದ ನೀರಿನ ಲೆಕ್ಕದ ಮೇಲೆ. ಮಳೆಯ ಸ್ವಭಾವವೇ ಬದಲಾದರೆ ಇಪ್ಪತ್ತೈದು ವರ್ಷಕ್ಕೊಮ್ಮೆ ಎಂದುಕೊಂಡಿದ್ದು ಹತ್ತು ವರ್ಷಕ್ಕೊಮ್ಮೆ ಬರಬಹುದು. ಆಗ ಹಳೆಯ ನಕ್ಷೆ ನಂಬಿ ಫ್ಲ್ಯಾಟ್ ಕೊಂಡವರ ಗತಿ ಏನು? ಹವಾಮಾನದ ವ್ಯಾಜ್ಯ ನಮ್ಮ ಮನೆ ಬಾಗಿಲಿಗೆ ಬರುವುದು ಹೀಗೆ. ದೆಹಲಿಯ ಭಾಷಣಗಳಲ್ಲಿ ಕೇಳುವ ಇಂಗಾಲದ ಲೆಕ್ಕ ಇಲ್ಲಿ ಹೊಳೆದಂಡೆಯ ಒಂದು ಗೆರೆಯಾಗಿ ಕಾಣುತ್ತದೆ.

ಎಲ್ಲ ಕೇಸೂ ಇಷ್ಟು ಸಲೀಸಲ್ಲ. ವನಾಜ್‌ನಿಂದ ಮೆಟ್ರೋ ಹತ್ತಿ ಸಿವಿಲ್ ಕೋರ್ಟ್ ಕಡೆ ಹೋಗುವವರು ಡೆಕ್ಕನ್ ದಾಟುವಾಗ ಕಿಟಕಿಯಿಂದ ಕೆಳಗೆ ನೋಡಿ, ಕಂಬಗಳು ನದಿಯ ಪಾತ್ರದಲ್ಲಿವೆ. ಸುಮಾರು 1.7 ಕಿಲೋಮೀಟರ್‌ನ ಆ ಭಾಗವನ್ನು ಪ್ರಶ್ನಿಸಿ 2016ರಲ್ಲಿ ಎನ್‌ಜಿಟಿಗೆ ಅರ್ಜಿ ಹೋಯಿತು, 2017ರ ಆರಂಭದಲ್ಲಿ ತಡೆಯಾಜ್ಞೆಯೂ ಬಂತು. ಆಮೇಲೆ ಕೆಲಸ ಮುಂದುವರಿದು, 2023ರ ಆಗಸ್ಟ್‌ನಿಂದ ಆ ಮಾರ್ಗದಲ್ಲಿ ರೈಲು ಓಡುತ್ತಿದೆ. ಮೆಟ್ರೋ ಬಂದರೆ ಸ್ಕೂಟರು, ಕಾರು ಕಡಿಮೆಯಾಗಿ ಹೊಗೆ ಕಡಿಮೆಯಾಗುತ್ತದೆ. ಅದೂ ಹವಾಮಾನದ ಪರವೇ. ಹೊಳೆಗೆ ಜಾಗ ಬಿಡಿ ಎನ್ನುವುದೂ ಹವಾಮಾನದ ಪರವೇ. ಎರಡೂ ಕಡೆ ಒಳ್ಳೆಯದೇ ಇರುವಾಗ ನ್ಯಾಯಾಧೀಶರ ತಕ್ಕಡಿ ಕಷ್ಟದ್ದು. ನಾನಂತೂ ಆ ಮೆಟ್ರೋದಲ್ಲಿ ಓಡಾಡುವವನೇ. ಆದರೂ ಹಳಿಯನ್ನು ಸ್ವಲ್ಪ ಆಚೆ ಹಾಕಬಹುದಿತ್ತೇನೋ ಎಂದು ಪ್ರತಿ ಸಲ ಅನಿಸುತ್ತದೆ.

ಇಂಥದೇ ತಕ್ಕಡಿ ಸುಪ್ರೀಂ ಕೋರ್ಟಿನ ಮುಂದೆಯೂ ಬಂತು. ರಾಜಸ್ಥಾನ, ಗುಜರಾತಿನ ಬಯಲಿನಲ್ಲಿರುವ ಹೆಬ್ಬಕ ಹಕ್ಕಿಗಳು ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆಂದು ಎಂ.ಕೆ. ರಣಜಿತ್‌ಸಿಂಹ್ ಕೇಸು ಹಾಕಿದ್ದರು. ತಂತಿಗಳನ್ನು ನೆಲದಡಿ ಹಾಕಿ ಎಂದು 2021ರಲ್ಲಿ ಕೋರ್ಟ್ ಹೇಳಿತ್ತು. ಹಾಗೆ ಮಾಡಿದರೆ ಸೌರ ವಿದ್ಯುತ್ತಿನ ಕೆಲಸ ನಿಲ್ಲುತ್ತದೆ ಎಂದಿತು ಸರ್ಕಾರ. 2024ರ ಮಾರ್ಚ್ 21ರ ತೀರ್ಪಿನಲ್ಲಿ ಕೋರ್ಟ್ ಹಳೆಯ ಆದೇಶವನ್ನು ಸಡಿಲಿಸಿ, ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಹಕ್ಕಿಯ ಪರ ನಿಂತವರಿಗೆ ಅದು ಹಿನ್ನಡೆ. ಆದರೆ ಅದೇ ತೀರ್ಪಿನಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ನಮ್ಮ ಹಕ್ಕು ಎಂದು ಮೊದಲ ಬಾರಿ ಸ್ಪಷ್ಟವಾಗಿ ಬರೆದರು. ವಕೀಲರ ಕೈಗೆ ಹೊಸ ಅಸ್ತ್ರ ಸಿಕ್ಕಿದ್ದು ಸೋಲಿನಂತಿದ್ದ ಒಂದು ತೀರ್ಪಿನಿಂದ. ನಮ್ಮಲ್ಲಿ ಹವಾಮಾನಕ್ಕೆಂದೇ ಪ್ರತ್ಯೇಕ ಕಾಯಿದೆ ಇಲ್ಲವಾದ್ದರಿಂದ ಇದು ಸಣ್ಣ ಸಂಗತಿಯಲ್ಲ.

ಅದಿಲ್ಲದಿದ್ದಾಗ ಏನಾಗುತ್ತಿತ್ತು ಎಂಬುದಕ್ಕೆ ರಿಧಿಮಾ ಪಾಂಡೆಯ ಕೇಸು ನೋಡಿ. ಉತ್ತರಾಖಂಡದ ಈ ಹುಡುಗಿ ಒಂಬತ್ತನೇ ವಯಸ್ಸಿನಲ್ಲಿ, 2017ರಲ್ಲಿ, ಕೇಂದ್ರ ಸರ್ಕಾರದ ಮೇಲೆ ಎನ್‌ಜಿಟಿಯಲ್ಲಿ ಕೇಸು ಹಾಕಿದಳು. ಪರಿಸರ ಪರಿಣಾಮ ಪರಿಶೀಲನೆಯಲ್ಲಿ ಹವಾಮಾನದ ವಿಷಯವೂ ಸೇರಿರುತ್ತದೆ, ಬೇರೆ ಆದೇಶ ಬೇಕಿಲ್ಲ ಎಂದು 2019ರ ಜನವರಿಯಲ್ಲಿ ಅರ್ಜಿಯನ್ನು ಮುಗಿಸಿಬಿಟ್ಟರು. ಆಕೆ ಸುಪ್ರೀಂ ಕೋರ್ಟಿಗೆ ಹೋದಳು.

ಹೊರದೇಶಗಳಲ್ಲಿ ಇಂಥವರಿಗೆ ಜಯ ಸಿಕ್ಕ ಉದಾಹರಣೆ ಇದೆ. ನೆದರ್‌ಲೆಂಡ್ಸ್‌ನಲ್ಲಿ ಉರ್ಗೆಂಡಾ ಎಂಬ ಸಂಸ್ಥೆ ಸರ್ಕಾರದ ಮೇಲೆ ಹೂಡಿದ ದಾವೆಯಲ್ಲಿ, 2020ರ ಕೊನೆಗೆ ಹೊಗೆಯನ್ನು 1990ರ ಮಟ್ಟಕ್ಕಿಂತ ಕನಿಷ್ಠ ಶೇಕಡಾ 25 ಇಳಿಸಲೇಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು. ಸ್ವಿಟ್ಜರ್‌ಲೆಂಡಿನ ಅಜ್ಜಿಯಂದಿರು 2024ರ ಏಪ್ರಿಲ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದರು. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಹುಟ್ಟುಹಾಕಿದ ಬೇಡಿಕೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಮುಟ್ಟಿ, ಹವಾಮಾನ ರಕ್ಷಣೆ ದೇಶಗಳ ಕಾನೂನುಬದ್ಧ ಹೊಣೆ ಎಂಬ ಅಭಿಪ್ರಾಯ 2025ರ ಜುಲೈ 23ರಂದು ಬಂತು.

ನಮ್ಮ ನಾಡಿನವರು ಇದನ್ನೆಲ್ಲ ಯಾವ ಹೆಸರೂ ಇಡದೆ ಮೊದಲೇ ಮಾಡಿದ್ದರು. ಕುದುರೆಮುಖ ನೆನಪಿಸಿಕೊಳ್ಳಿ. ಭದ್ರೆಯ ನೀರು ಮಳೆಗಾಲದಲ್ಲಿ ಕೆಂಪಾಗಿ ಹರಿಯುತ್ತಿದ್ದ ಕಾಲ. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ, 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಗೆ 2005ರ ಕೊನೆಯ ಗಡುವು ಹಾಕಿತು. ಗಣಿ ನಿಂತಿತು. ಆ ಊರಿನ ಎಷ್ಟೋ ಕಾರ್ಮಿಕ ಕುಟುಂಬಗಳು ಗಂಟುಮೂಟೆ ಕಟ್ಟಿದ್ದೂ ನಿಜ, ಅದನ್ನು ಮರೆಮಾಚಬಾರದು. ಶೋಲಾ ಕಾಡು, ಹುಲ್ಲುಗಾವಲು ಉಳಿದದ್ದೂ ಅಷ್ಟೇ ನಿಜ.

ಗೆದ್ದದ್ದು ಗಟ್ಟಿ ಎಂದೂ ತಿಳಿಯಬೇಡಿ. ಮೊದಲು ಕಟ್ಟಿ ಆಮೇಲೆ ಪರಿಸರ ಅನುಮತಿ ಪಡೆಯುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2025ರ ಮೇ 16ರಂದು ರದ್ದು ಮಾಡಿತು. ಅದೇ ವರ್ಷ ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ ಎರಡು-ಒಂದರ ಬಹುಮತದಿಂದ ಆ ತೀರ್ಪನ್ನೇ ಹಿಂತೆಗೆದುಕೊಂಡಿತು. ಆರು ತಿಂಗಳಲ್ಲಿ ಬಂದದ್ದು, ಹೋದದ್ದು!

ಕೊನೆಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು. ಎನ್‌ಜಿಟಿಯ ಪಶ್ಚಿಮ ವಲಯದ ಪೀಠ ಇರುವುದು ನಮ್ಮ ಪುಣೆಯಲ್ಲೇ. ಮಹಾರಾಷ್ಟ್ರ, ಗೋವಾ, ಗುಜರಾತಿನವರು ಇಲ್ಲಿಗೆ ಬರುತ್ತಾರೆ. ತಮಾಷೆ ಎಂದರೆ, ಕೊಲ್ಲಾಪುರದ ಹೊಳೆಯ ದೂರು ಇಲ್ಲಿಗೆ, ಪಕ್ಕದ ಬೆಳಗಾವಿಯದು ದೂರದ ಚೆನ್ನೈಗೆ! ವಕೀಲರನ್ನು ಇಡಲಾಗದವರು ತಾವೇ ನಿಂತು ವಾದಿಸಬಹುದು. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ ಒಂದು ಸಾವಿರ ರೂಪಾಯಿ. ಕಲಾಪ ಇಂಗ್ಲಿಷಿನಲ್ಲಿ ನಡೆಯುವುದರಿಂದ ಮರಾಠಿ ಕಾಗದಪತ್ರಗಳ ಅನುವಾದ ಮಾಡಿಸಿಟ್ಟುಕೊಳ್ಳಿ. ಮಾಹಿತಿ ಹಕ್ಕಿನಲ್ಲಿ ನಕ್ಷೆ, ಅನುಮತಿ ಪತ್ರದ ಪ್ರತಿ ಮೊದಲೇ ಪಡೆದಿರಿ, ದಿನಾಂಕ ಕಾಣುವಂತೆ ಫೋಟೋ ತೆಗೆದಿರಿ. ಎಲ್ಲಕ್ಕಿಂತ ಮುಖ್ಯವಾದದ್ದು ಗಡಿಯಾರ. ತಕರಾರಿಗೆ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹೋಗಬೇಕು, ತಕ್ಕ ಕಾರಣವಿದ್ದರೆ ಇನ್ನು ಅರವತ್ತು ದಿನ ಸಿಗಬಹುದು. ಪರಿಸರ ಅನುಮತಿಯನ್ನೇ ಪ್ರಶ್ನಿಸುವುದಾದರೆ ಮೂವತ್ತು ದಿನ ಮಾತ್ರ. ಬೀದಿಯ ಮರಕ್ಕೆ ಪಾಲಿಕೆ ಅಂಟಿಸಿದ ನೋಟೀಸಿಗೆ ಆಕ್ಷೇಪಣೆ ಸಲ್ಲಿಸಲು ಅಷ್ಟು ಸಮಯವೂ ಇರುವುದಿಲ್ಲ, ಅದನ್ನು ಕಂಡ ದಿನವೇ ನಿಂತು ಓದಿಕೊಳ್ಳಿ.