ಮಣ್ಣು ನಿವೇಶನದಲ್ಲೇ ಇದೆ, ಮುಯ್ಯಾಳು ಎಲ್ಲಿ?

2019ರ ಆಗಸ್ಟ್ ಪ್ರವಾಹದಲ್ಲಿ ಉತ್ತರ ಕರ್ನಾಟಕದ ಸಾವಿರಾರು ಮಣ್ಣಿನ ಮನೆಗಳು ಕುಸಿದುಬಿದ್ದವು. ಆ ದೃಶ್ಯ ಕಂಡವರು ಮಣ್ಣಿನ ಗೋಡೆ ಎಂದರೆ ಹಿಂಜರಿಯುವುದು ಸಹಜ. ಆದರೆ ಮಣ್ಣಿನ ದೊಡ್ಡ ಶತ್ರು ನೀರು. ಅದನ್ನು ದೂರವಿಡುವ ವಿಧಾನ ತಿಳಿದರೆ ಅದೇ ಮಣ್ಣಿನಲ್ಲಿ ಬಾಳಿಕೆಯ ಮನೆ ಕಟ್ಟಬಹುದು.

ಪ್ರೊ. ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಈ ದಿಸೆಯಲ್ಲಿ ದುಡಿಯಿತು. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಅದುಮಿದ ಮಣ್ಣಿನ ಬ್ಲಾಕ್‌ಗಳನ್ನು ಅಭಿವೃದ್ಧಿಪಡಿಸಿದರು. ಮಣ್ಣಿಗೆ ಶೇ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಅದುಮಿ, ಮೂರ್ನಾಲ್ಕು ವಾರ ನೀರುಣಿಸಿದರೆ ಬ್ಲಾಕ್ ಸಿದ್ಧ. ಸುಡಬೇಕಿಲ್ಲವಾದ್ದರಿಂದ ಸೌದೆಯೂ ಬೇಡ. ನೆನೆದರೆ ಇದರ ಬಲ ತಗ್ಗುತ್ತದೆ. ಆದರೆ ಹಸಿ ಇಟ್ಟಿಗೆಯಂತೆ ಕರಗುವುದಿಲ್ಲ.

ಎಲ್ಲ ಮಣ್ಣೂ ಇದಕ್ಕೆ ಒಗ್ಗದು. ಮರಳಿನ ಅಂಶ ಹೆಚ್ಚಿರುವ ಕೆಂಪು ಮಣ್ಣು ಉತ್ತಮ. ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವ ಎರೆಮಣ್ಣು ಹಾಗೆಯೇ ಬಳಸಲು ಯೋಗ್ಯವಲ್ಲ. ಮೇಲ್ಪದರದ ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ನೀರಿನೊಡನೆ ಕುಲುಕಿ ಒಂದು ದಿನ ಬಿಟ್ಟರೆ ಮರಳು ತಳದಲ್ಲಿ, ಜೇಡಿ ಮೇಲೆ ನಿಂತು ಪ್ರಮಾಣದ ಸ್ಥೂಲ ಅಂದಾಜು ಸಿಗುತ್ತದೆ. ಕಲ್ಲಿನ ಪಾಯವನ್ನು ನೆಲದಿಂದ ಒಂದೂವರೆ ಅಡಿಯಾದರೂ ಎತ್ತರಿಸಿ, ಸೂರನ್ನು ಎರಡು ಅಡಿ ಹೊರಚಾಚಿದರೆ ಮಳೆನೀರು ಗೋಡೆಗೆ ಸೋಕುವುದು ಕಡಿಮೆ. ಹೊಳೆ ನುಗ್ಗುವ ತಗ್ಗಿನಲ್ಲಿ ಮಾತ್ರ ಇಷ್ಟು ಎಚ್ಚರಿಕೆ ಸಾಲದು.

ಹಾಗಾದರೆ ಖರ್ಚು ಇಳಿಯುವುದೇ? 230 ಮಿ.ಮೀ. ಉದ್ದ, 190 ಮಿ.ಮೀ. ಅಗಲ, 100 ಮಿ.ಮೀ. ಎತ್ತರದ ಬ್ಲಾಕ್ ಬಳಸಿದರೆ ಒಂದು ಚದರ ಮೀಟರ್ ಗೋಡೆಗೆ ಸುಮಾರು 38 ಬೇಕು. ಅಗೆಯಲು, ಜರಡಿ ಹಿಡಿಯಲು, ಬೆರೆಸಲು, ಅದುಮಲು, ಪೇರಿಸಲು ಆಳುಗಳು ಬೇಕು. ಸಿಮೆಂಟ್ ಬೆರೆಸಿದ ಮಣ್ಣನ್ನು ಗಟ್ಟಿಯಾಗುವ ಮುನ್ನವೇ ಅದುಮಬೇಕಾದ್ದರಿಂದ ಇದು ಒಬ್ಬಿಬ್ಬರ ಕೆಲಸವಲ್ಲ. ಮಣ್ಣು ಬಿಟ್ಟಿ ಸಿಕ್ಕರೂ ಕೂಲಿ ಆಳು ಬಿಟ್ಟಿ ಸಿಗುವುದಿಲ್ಲ. ಉಳಿತಾಯವೆಲ್ಲ ಕರಗುವುದು ಇಲ್ಲಿಯೇ.

ನಮ್ಮ ಹಳ್ಳಿಗಳು ಇದಕ್ಕೆ ಕಂಡುಕೊಂಡಿದ್ದ ಉತ್ತರ ಮುಯ್ಯಾಳು ಪದ್ಧತಿ. ಇಂದು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು, ಹಣದ ಮಾತಿಲ್ಲ. ನಾಲ್ಕಾರು ಕುಟುಂಬಗಳು ಕೂಡಿ ಒಂದು ಯಂತ್ರ ತಂದು, ಸರದಿಯಂತೆ ಮನೆ ಕಟ್ಟಿಕೊಳ್ಳುವುದು ಇಂದಿಗೂ ಅಸಾಧ್ಯವೇನಲ್ಲ. ಮೂಲೆ ಹಿಡಿಯಲು, ಲಿಂಟಲ್ ಕೂರಿಸಲು ಪಳಗಿದ ಗಾರೆಯವರು ಬೇಕೇ ಬೇಕು. ಉಳಿದದ್ದನ್ನು ನೆರೆಹೊರೆಯವರು ಹಂಚಿಕೊಂಡರೆ ಸಾಲದ ಹೊರೆ ಹಗುರವಾದೀತು. ಮುಂದೆ ಗೋಡೆ ಬಿರುಕು ಬಿಟ್ಟಾಗ ಅದನ್ನು ಸರಿಪಡಿಸಬಲ್ಲವರು ಪಕ್ಕದ ಮನೆಯಲ್ಲೇ ಇರುತ್ತಾರೆ.