ಎರೆಹೊಲದ ನಡುವೆ ಎದ್ದ ಕ್ಯಾಂಪುಗಳು

ಸಿಂಧನೂರು ಸೀಮೆಯ ಇಂದಿನ ನೆಲನೋಟವನ್ನು ರೂಪಿಸಿದ್ದು ತುಂಗಭದ್ರೆಯ ನೀರು ಎಂಬ ಮಾತು ಅರ್ಧ ನಿಜ. ಆ ನೀರನ್ನು ಯಾವ ಬೆಳೆಗೆ ಎಷ್ಟು ಕೊಡಬೇಕೆಂಬ ಸರ್ಕಾರಿ ಲೆಕ್ಕಕ್ಕೂ ಕಾಲುವೆಯ ಮಗ್ಗುಲಲ್ಲಿ ನೆಲೆಯೂರಿದ ಕ್ಯಾಂಪುಗಳ ರೂಢಿಗೂ ನಡುವೆ ಬಿದ್ದ ಅಂತರವೇ ಉಳಿದರ್ಧ.

ಕಾಲುವೆ ಬರುವ ಮೊದಲು ಇಲ್ಲಿನ ಎರೆಭೂಮಿ, ಅಂದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಕಪ್ಪು ಜೇಡಿನೆಲ, ಹಿಂಗಾರಿಯ ಬಿಳಿಜೋಳಕ್ಕೆ, ಹತ್ತಿಗೆ, ಕುಸುಬೆಗೆ ಹೆಸರಾಗಿತ್ತು. ಮಣ್ಣಿನ ಮಾಳಿಗೆಯ ಮನೆಗಳು ಒತ್ತೊತ್ತಾಗಿ ಊರಾಗಿದ್ದವು, ಜೋಳ ನೆಲದೊಳಗಿನ ಹಗೇವಿನಲ್ಲಿ ಉಳಿಯುತ್ತಿತ್ತು, ಊರಾಚೆ ಮರವಿಲ್ಲದ ಬಯಲು ಕಣ್ಣಳತೆಯವರೆಗೂ ಹರಡಿತ್ತು.

1953ರಲ್ಲಿ ಮುನಿರಾಬಾದಿನ ಅಣೆಕಟ್ಟೆಯಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಯೋಜಕರ ಮನಸ್ಸಿನಲ್ಲಿದ್ದುದು ಭತ್ತದ ಕಣಜವಲ್ಲ. ಬರಪೀಡಿತ ಸೀಮೆಯ ವಿಶಾಲ ಪ್ರದೇಶಕ್ಕೆ ಸ್ವಲ್ಪಸ್ವಲ್ಪ ನೀರು ಹಂಚಿ ಜೋಳ, ಹತ್ತಿಗಳನ್ನು ಕಾಪಾಡುವ ‘ಅರೆನೀರಾವರಿ’ ಪದ್ಧತಿಗೇ ಬಹುಪಾಲು ಭೂಮಿ ಗೊತ್ತಾಗಿತ್ತು. ಆದರೆ ಕೃಷ್ಣಾ, ಗೋದಾವರಿ ಮುಖಜ ಭೂಮಿಗಳಿಂದ ಬಂದ ರೈತರು ಅಗ್ಗಕ್ಕೆ ದೊರೆತ ಒಣಹೊಲಗಳನ್ನು ಕೊಂಡು, ಹಳೆಯ ಊರಿನೊಳಗೆ ಸೇರದೆ ಹೊಲದಲ್ಲೇ ಗುಡಿಸಲು ಹಾಕಿ, ಬದು ಕಟ್ಟಿ, ಮಡಿ ಸಮಮಾಡಿ ಭತ್ತ ನೆಟ್ಟರು. ಕ್ಯಾಂಪುಗಳು ಹುಟ್ಟಿದ್ದು ಹೀಗೆ. ಗುಡಿಸಲುಗಳ ಜಾಗದಲ್ಲಿ ಆರ್‌ಸಿಸಿ ಮನೆ, ತೆಂಗು, ರಾಮಮಂದಿರಗಳು ಎದ್ದವು. ನಾಟಿಗೆ ಮುಂಚೆ ಟ್ರ್ಯಾಕ್ಟರುಗಳು ರಬ್ಬರ್ ಗಾಲಿ ಕಳಚಿ ಕಬ್ಬಿಣದ ಕೇಜ್‌ವೀಲ್ ತೊಟ್ಟು ಕೆಸರಿಗಿಳಿಯುವುದು ಸಾಮಾನ್ಯ ನೋಟವಾಯಿತು. ಜೋಳದ ಹೊಲದವರೂ ಬೇಗ ಭತ್ತ ಕಲಿತರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗಾಗಿ ಸರ್ಕಾರವೇ ಕಟ್ಟಿಸಿದ ಆರ್.ಎಚ್. ಕ್ಯಾಂಪುಗಳು ಇದೇ ತಾಲ್ಲೂಕಿನಲ್ಲಿ ಇನ್ನೊಂದು ಬಗೆಯ ಊರುಗಳಾಗಿ ನಿಂತವು.

ನೀರು ಬಸಿದು ಹೋಗಲು ದಾರಿಯಿಲ್ಲದ ಎರೆಯಲ್ಲಿ ಭತ್ತದ ಗದ್ದೆ ವರ್ಷಕ್ಕೆ ಎರಡು ಬಾರಿ ನಿಂತರೆ ಅಂತರ್ಜಲ ಮೇಲೇರಿ, ಅದರೊಡನೆ ಬಂದ ಲವಣ ಮೇಲ್ಮಣ್ಣಿನಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಸವಳು-ಜವಳು ಎನ್ನುವುದು ಇದನ್ನೇ. ಮೇಲ್ಭಾಗದಲ್ಲಿ ಹೆಚ್ಚಾದ ನೀರು ಕೊನೆಭಾಗದ ಮಾನ್ವಿ, ರಾಯಚೂರು ರೈತರ ಪಾಲಿಗೆ ಕೊರತೆಯಾಯಿತು. ಭತ್ತ ನೆಟ್ಟವರನ್ನಷ್ಟೇ ಇದಕ್ಕೆ ದೂರುವುದು ನ್ಯಾಯವಲ್ಲ, ಏಕೆಂದರೆ ಅರೆನೀರಾವರಿಯ ನಿಯಮವನ್ನು ಕಾಗದದಲ್ಲಿಟ್ಟುಕೊಂಡೇ ಕಾಲುವೆಯಲ್ಲಿ ನೀರು ಹರಿಸಲಾಯಿತು.

ಈ ಕಾಲುವೆಯ ವ್ಯಾಪ್ತಿಯಿಂದ ಮೇಲಕ್ಕುಳಿದ ಸೀಮೆಯ ಕಥೆ ಬೇರೆ. ಹಟ್ಟಿ ಚಿನ್ನದ ಗಣಿಯಿರುವ ಲಿಂಗಸುಗೂರು ತಾಲ್ಲೂಕು ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಗೆ ದಶಕಗಳ ಕಾಲ ಕಾಯಬೇಕಾಯಿತು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅಶೋಕನ ಶಾಸನವನ್ನು ಗುರುತಿಸಿದ ಮಸ್ಕಿಯ ಸುತ್ತ ನೀರು ಬಂದ ಹಳ್ಳಿ, ಬಾರದ ಹಳ್ಳಿ ಅಕ್ಕಪಕ್ಕದಲ್ಲೇ ಇವೆ. ಅಲ್ಲಿನ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ನಡೆಸಿದ ಧರಣಿ 2021ರ ಮಸ್ಕಿ ಉಪಚುನಾವಣೆಯ ಪ್ರಮುಖ ವಿಷಯಗಳಲ್ಲಿ ಒಂದಾಗಿತ್ತು.