ಲಾಸ್ ವೇಗಾಸ್: ಕೊಠಡಿಯ ದರ ಬೇರೆ, ಬಿಲ್ಲಿನ ಮೊತ್ತ ಬೇರೆ

ಅಮೆರಿಕದ ಲಾಸ್ ವೇಗಾಸ್‌ಗೆ ಜೂಜುಗಾರರಷ್ಟೇ ಹೋಗುವುದಿಲ್ಲ. ಜನವರಿಯ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳ, ನವೆಂಬರಿನ ಸೆಮಾ ವಾಹನ ಬಿಡಿಭಾಗಗಳ ಮೇಳಗಳಿಗೆ ತೆರಳುವ ಉದ್ಯಮಿಗಳೂ ಅಲ್ಲಿನ ಕ್ಯಾಸಿನೊ ಹೋಟೆಲುಗಳಲ್ಲಿ ತಂಗುತ್ತಾರೆ. 1966ರಲ್ಲಿ ರೋಮನ್ ವೈಭವದ ಮಾದರಿಯಲ್ಲಿ ತೆರೆದ ಸೀಸರ್ಸ್ ಪ್ಯಾಲೇಸ್, 1993ರ ಪಿರಮಿಡ್ ಆಕಾರದ ಲಕ್ಸರ್, ಅರ್ಧ ಎತ್ತರದ ಐಫೆಲ್ ಗೋಪುರವುಳ್ಳ 1999ರ ಪ್ಯಾರಿಸ್: ವೇಷ ಬೇರೆಯಾದರೂ ಬಿಲ್ಲಿನ ಧಾಟಿ ಒಂದೇ.

ಒಂದು ಕಾಲಕ್ಕೆ ಜೂಜಿನ ಲಾಭವೇ ಮುಖ್ಯವಾಗಿದ್ದು, ಕೊಠಡಿಯನ್ನು ಅಗ್ಗವಾಗಿ ಕೊಡಲಾಗುತ್ತಿತ್ತು. ಇಂದು ಅಲ್ಲಿನ ದೊಡ್ಡ ಹೋಟೆಲುಗಳ ಆದಾಯದಲ್ಲಿ ಕೊಠಡಿ, ಊಟ, ಮನರಂಜನೆಗಳ ಪಾಲೇ ಅಧಿಕ. ಇದರ ಜೊತೆಗೆ ಬಂದದ್ದು ‘ರೆಸಾರ್ಟ್ ಶುಲ್ಕ’. ಅಂತರಜಾಲ, ವ್ಯಾಯಾಮಶಾಲೆಗಳನ್ನು ಬಳಸಲಿ, ಬಿಡಲಿ, ತೆರಲೇಬೇಕು. ಉದಾಹರಣೆಗೆ, ಕೊಠಡಿಗೆ 60 ಡಾಲರ್, ಶುಲ್ಕ 50 ಡಾಲರ್ ಎಂದಿಟ್ಟುಕೊಂಡರೆ, ಒಟ್ಟು 110 ಡಾಲರಿನ ಮೇಲೆ ಸುಮಾರು ಶೇ. 13ರ ತೆರಿಗೆ ಸೇರಿ ದಿನವೊಂದಕ್ಕೆ 124 ಡಾಲರ್ ಆಗುತ್ತದೆ. ಮೂಲದರದ ಇಮ್ಮಡಿಗೂ ಮಿಗಿಲು!

ಕಡ್ಡಾಯ ಶುಲ್ಕಗಳನ್ನು ಸೇರಿಸಿಯೇ ದರ ಪ್ರಕಟಿಸಬೇಕೆಂಬ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ 2025ರ ಮೇ 12ರಂದು ಜಾರಿಗೆ ಬಂದಿತು. ಆದರೆ ಸರ್ಕಾರಿ ತೆರಿಗೆಯನ್ನು ಹೊರಗಿಡಲು ಅದರಲ್ಲಿ ಅವಕಾಶವಿದೆ. ಆದ್ದರಿಂದ ಪಾವತಿಗೆ ಮುನ್ನ ಅಂತಿಮ ಮೊತ್ತವನ್ನೇ ನೋಡುವುದು ಲೇಸು.

ಸಾಮಾನ್ಯವಾಗಿ ವಾರದ ನಡುವಿನ ದಿನಗಳಲ್ಲಿ ದರ ಕಡಿಮೆ. ದೊಡ್ಡ ಮೇಳಗಳಿದ್ದಾಗ ಈ ಲೆಕ್ಕ ನಡೆಯದು. ಭದ್ರತೆಗಾಗಿ ಕಾರ್ಡಿನಲ್ಲಿ ಒಂದಿಷ್ಟು ಮೊತ್ತವನ್ನು ತಡೆಹಿಡಿಯುವುದೂ ವಾಡಿಕೆ. ಡೆಬಿಟ್ ಕಾರ್ಡಾದರೆ ಅದು ಬಿಡುಗಡೆಯಾಗಲು ದಿನಗಳೇ ಹಿಡಿಯಬಹುದು. ಹೊರಡುವಾಗ ಕೊಠಡಿ, ಶುಲ್ಕ, ತೆರಿಗೆಗಳನ್ನು ಪ್ರತ್ಯೇಕವಾಗಿ ತೋರಿಸುವ ಬಿಲ್ಲನ್ನು ಸಂಸ್ಥೆಯ ಹೆಸರಿನಲ್ಲಿ ಪಡೆಯಬೇಕು. ಸ್ವಂತ ಮನರಂಜನೆಯ ಖರ್ಚು ವ್ಯಾಪಾರದ ವೆಚ್ಚವಾಗಿ ಸಲ್ಲುವುದಿಲ್ಲ.